ಹದಿನಾರು ವರ್ಷದ ಮೇಲೆ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹುಲಿಯೂರುದುರ್ಗದಲ್ಲಿ ಹೈಸ್ಕೂಲು ಓದುವಾಗ ಪದ್ಯ ಕಟ್ಟುವ ಹುಚ್ಚಿತ್ತು. ಕಾಲೇಜಿಗೆ ಸೇರಿದ ಮೇಲೆ ಪರೀಕ್ಷೆ, ಬಸ್ಸಿನ ಓಡಾಟ, ಹೊಲದ ಕೆಲಸಗಳ ನಡುವೆ ಅದು ತಪ್ಪಿಹೋಗಿ ಮೂರು ವರ್ಷವಾಯಿತು. ಇನ್ನು ಬರೆಯಲಾರೆನೆಂದೇ ನಂಬಿದ್ದ ನನಗೆ ಕೆ. ಎಸ್. ನರಸಿಂಹಸ್ವಾಮಿಯವರ ಬಾಳು ಧೈರ್ಯ ಕೊಟ್ಟಿತು.

1915ರಲ್ಲಿ ಕಿಕ್ಕೇರಿಯಲ್ಲಿ ಜನಿಸಿದ ಈ ಕವಿಗಳು ಒಂದು ಲೆಕ್ಕಕ್ಕೆ ನಮ್ಮ ಜಿಲ್ಲೆಯ ಅಳಿಯಂದಿರು. 1936ರಲ್ಲಿ ತಿಪಟೂರಿನಲ್ಲಿ ವೆಂಕಮ್ಮನವರ ಕೈಹಿಡಿದರು. ಬಿ.ಎ. ಓದು ಅರ್ಧಕ್ಕೇ ನಿಂತಿತ್ತು. ಮರುವರ್ಷ ಸರ್ಕಾರಿ ನೌಕರಿ. ಗಂಡಹೆಂಡಿರ ಒಲವನ್ನೇ ಹಾಡಾಗಿಸಿದ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದು ಮನೆಮಾತಾಯಿತು. 1960ರಲ್ಲಿ ‘ಮನೆಯಿಂದ ಮನೆಗೆ’ ಹೊರಬಂದಿತು. ಆಮೇಲೆ ಹದಿನಾರು ವರ್ಷ ಹೊಸ ಕವನಸಂಗ್ರಹವೇ ಇಲ್ಲ! 1970ರಲ್ಲಿ ನಿವೃತ್ತರಾದರು, ಬಿಡುವು ಸಿಕ್ಕೊಡನೆ ಪುಸ್ತಕವೇನೂ ಬರಲಿಲ್ಲ. 1976ರಲ್ಲಿ ‘ತೆರೆದ ಬಾಗಿಲು’ ಬಂದಿತು. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ.

ಪ್ರಶಸ್ತಿಗಿಂತ ಮುಂದಿನದೇ ನನಗೆ ಹೆಚ್ಚು. 1983ರಲ್ಲಿ ‘ನವಪಲ್ಲವ’, 1993ರಲ್ಲಿ, ಎಪ್ಪತ್ತೆಂಟರ ಪ್ರಾಯದಲ್ಲಿ, ‘ದುಂಡುಮಲ್ಲಿಗೆ’. ಐವತ್ತು ವರ್ಷ ದಾಟಿ ಅದೇ ಹೂವು ಮತ್ತೆ! 2003ರಲ್ಲಿ ಕಣ್ಮುಚ್ಚುವವರೆಗೂ ಅವರು ಬರೆದರು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಮೊನ್ನೆ ಸಂಜೆ ಅವ್ವ ಹಿತ್ತಲ ಮಲ್ಲಿಗೆ ಬಿಡಿಸಿ ತಂದು ದಾರದಲ್ಲಿ ಕಟ್ಟುತ್ತ ಕುಳಿತಿದ್ದಳು. ನಾನು ಪಕ್ಕದಲ್ಲೇ ಕುಳಿತು ನಾಲ್ಕು ಸಾಲು ಬರೆದೆ. ಚೆನ್ನಾಗಿ ಬರಲಿಲ್ಲ. ಆದರೂ ಹರಿದುಹಾಕಲಿಲ್ಲ.