ಇಲಿ ಪಾಷಾಣವೂ ಅಜ್ಜಿಯ ಮಾತ್ರೆಯೂ: ಕಾರ್ಲ್ ಪಾಲ್ ಲಿಂಕ್

ಬೋಧನಾಭ್ಯಾಸದ ಎರಡನೇ ವಾರ ಕುವೆಂಪುನಗರದ ಶಾಲೆಯೊಂದರ 10ನೇ ತರಗತಿಗೆ ರಕ್ತ ಹೆಪ್ಪುಗಟ್ಟುವ ಪಾಠ ಮಾಡುತ್ತಿದ್ದೆ. ಹುಡುಗಿಯೊಬ್ಬಳು ಎದ್ದು, ಹೃದಯದ ಕವಾಟ ಬದಲಿಸಿದ ಮೇಲೆ ಅಜ್ಜಿಗೆ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ, ಅದು ಇಲಿ ಪಾಷಾಣವೆಂದು ಯಾರೋ ಹೇಳಿದ್ದರಿಂದ ನಿಲ್ಲಿಸುತ್ತೇನೆ ಅನ್ನುತ್ತಿದ್ದಾರೆ ಎಂದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಎಂದಷ್ಟೇ ಹೇಳಿ, ಮರುದಿನ ಲಿಂಕ್ ಅವರ ಬದುಕಿನ ಕಥೆಯೊಂದಿಗೆ ಹೋದೆ.

ಲಿಂಕ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಅವರ ಪ್ರಯೋಗಾಲಯಕ್ಕೆ ಬಂದ. ಜೊತೆಗೆ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು.

ಮೇವಿನ ಯಾವ ಅಂಶ ಕೊಲ್ಲುತ್ತಿದೆ? ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ ಮೊಲಗಳಿಗೆ ತಿನ್ನಿಸಿ ನೋಡಬೇಕಿತ್ತು. ತೊಡಕೆಂದರೆ, ಒಂದೇ ಪ್ರಮಾಣಕ್ಕೆ ಎಲ್ಲ ಮೊಲಗಳೂ ಒಂದೇ ರೀತಿ ಸ್ಪಂದಿಸುತ್ತಿರಲಿಲ್ಲ. ಹಾಗಾಗಿ ಶಕ್ತಿ ಗೊತ್ತಿದ್ದ ಮಾದರಿಯನ್ನು ಕೊಟ್ಟು ಮೊದಲು ಮೊಲವನ್ನೇ ಅಳೆದುಕೊಂಡರು. (ನಾವು ಪ್ರಶ್ನೆಪತ್ರಿಕೆಯನ್ನು ಪೂರ್ವಪರೀಕ್ಷೆಗೆ ಒಡ್ಡುವ ಹಾಗೆ, ಎಷ್ಟು ಮಂದಿ ನಿಜವಾಗಿ ಒಡ್ಡುತ್ತೇವೋ!) ಪ್ಲಾಸ್ಮಾವನ್ನು 12.5 ಪ್ರತಿಶತಕ್ಕೆ ತೆಳುಮಾಡಿ ಹೆಪ್ಪುಗಟ್ಟುವ ಸಮಯ ನೋಡಿದಾಗ ಸಣ್ಣ ವ್ಯತ್ಯಾಸವೂ ಕಂಡಿತು. 1939ರಲ್ಲಿ ಶಿಷ್ಯ ಕ್ಯಾಂಪ್‌ಬೆಲ್ ಕೈಗೆ ಆ ವಸ್ತುವಿನ ಹರಳು ಸಿಕ್ಕಿತು: ಡೈಕೌಮರಾಲ್.

1945ರಲ್ಲಿ ಕ್ಷಯರೋಗದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಲಿಂಕ್‌ಗೆ ಇಲಿಗಳ ಯೋಚನೆ ಬಂತು. 1948ರಲ್ಲಿ ವಾರ್ಫರಿನ್ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ದಿನವೂ ಸ್ವಲ್ಪ ಸ್ವಲ್ಪ ತಿಂದ ಇಲಿ ಒಳಗೇ ರಕ್ತಸ್ರಾವವಾಗಿ ಸಾಯುತ್ತಿತ್ತು.

ಹಾಗಾದರೆ ಮನುಷ್ಯ? ತರಗತಿ ಇಲ್ಲಿ ನಿಶ್ಶಬ್ದವಾಯಿತು. ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ಮೊಲ ಹೇಳಬಲ್ಲದು. ಮನುಷ್ಯನ ಕವಾಟದ ಮೇಲೆ ಹೆಪ್ಪು ಕಟ್ಟುವುದು ತಪ್ಪುತ್ತದೆಯೇ, ಎಷ್ಟು ಪ್ರಮಾಣ ಸುರಕ್ಷಿತ ಎಂಬುದನ್ನು ಮೊಲವಾಗಲಿ ಇಲಿಯಾಗಲಿ ಹೇಳಲಾರದು. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಒಬ್ಬ ಈ ಪಾಷಾಣ ತಿಂದ. ವಿಟಮಿನ್ ಕೆ ಕೊಟ್ಟು ಉಳಿಸಿದರು. ವಿಷಕ್ಕೆ ಪ್ರತಿಮದ್ದು ಇದೆ ಎಂಬುದು ವೈದ್ಯರಿಗೆ ಧೈರ್ಯ ಕೊಟ್ಟಿತು. 1955ರಲ್ಲಿ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ವಾರ್ಫರಿನ್ ಕೊಟ್ಟರು. ಲಿಂಕ್ ತೀರಿಕೊಂಡದ್ದು 1978ರಲ್ಲಿ.

ಅವಧಿ ಮೀರಿತೆಂದು ವೀಕ್ಷಣಾ ಪುಸ್ತಕದಲ್ಲಿ ಷರಾ ಬಿತ್ತು, ಸರಿಯೇ. ಸೋಮವಾರ ಹುಡುಗಿ ಅಜ್ಜಿಯ ರಕ್ತಪರೀಕ್ಷೆಯ ಚೀಟಿ ತಂದಿದ್ದಳು. ಐಎನ್‌ಆರ್ ಅಂದರೇನು ಎಂದು ಅಜ್ಜಿ ಕೇಳಿಕೊಂಡು ಬರಲು ಹೇಳಿದ್ದರಂತೆ.