ಪದವಿ ಅರ್ಧಕ್ಕೆ ನಿಂತರೂ ಓದು ನಿಲ್ಲಲಿಲ್ಲ: ಮಂಜೇಶ್ವರ ಗೋವಿಂದ ಪೈ



ಕೆಲಸ, ಮನೆ, ಮಕ್ಕಳ ನಡುವೆ ನಮ್ಮ ಓದಿಗೆ ಹೊತ್ತೆಲ್ಲಿದೆ ಎಂಬ ಮಾತನ್ನು ನಾವೆಲ್ಲರೂ ಒಮ್ಮೆಯಾದರೂ ಆಡಿರುತ್ತೇವೆ. ಹಾಗೆ ಅನ್ನಿಸಿದಾಗ ನಮ್ಮ ಗಡಿನಾಡಿನ ರಾಷ್ಟ್ರಕವಿಯನ್ನು ನೆನೆಯಬೇಕು.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಊರಮಾತು ತುಳು, ಬರವಣಿಗೆಗೆ ಆರಿಸಿಕೊಂಡದ್ದು ಕನ್ನಡ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ಮುಂದೆ ಬಿ.ಎ. ಓದಲು ಮದ್ರಾಸಿಗೆ ಹೋದರು.

ಪರೀಕ್ಷೆ ನಡೆಯುತ್ತಿರುವಾಗಲೇ ತಂದೆಗೆ ಕಾಯಿಲೆ ಎಂಬ ಸುದ್ದಿ ಬಂತು. ಉಳಿದ ಪತ್ರಿಕೆಗಳನ್ನು ಬಿಟ್ಟು ಊರಿಗೆ ಹೊರಟರು. ಬರೆದಿದ್ದ ಇಂಗ್ಲಿಷ್ ಪತ್ರಿಕೆಗೆ ಆಮೇಲೆ ಚಿನ್ನದ ಪದಕ ಬಂತು. ಪದವಿ ಮಾತ್ರ ಕೈಗೆ ಬರಲಿಲ್ಲ. ಮನೆತನದ ಹೊಣೆ ಹೆಗಲೇರಿತು.

ಆದರೆ ಕಾಲೇಜು ಬಿಟ್ಟದ್ದಕ್ಕೆ ಕಲಿಯುವುದನ್ನು ಬಿಡಲಿಲ್ಲ. ತಾಯಿಯ ಊರಾದ ಮಂಜೇಶ್ವರದಲ್ಲಿ ನೆಲೆಸಿ, ಆಸ್ತಿಪಾಸ್ತಿ, ಸಂಸಾರ ನೋಡಿಕೊಳ್ಳುತ್ತಲೇ ಮನೆಯನ್ನು ಪುಸ್ತಕಗಳಿಂದ ತುಂಬಿಸಿದರು. ದೇಶವಿದೇಶಗಳ ಹಲವು ಭಾಷೆಗಳನ್ನು ಸ್ವಂತ ಶ್ರಮದಿಂದ ಕಲಿತರು. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಶೋಧಿಸಿದ್ದು ಇದೇ ಕಡಲತೀರದ ಊರಿನಲ್ಲಿ ಕುಳಿತು. 1911ರ ಸುಮಾರಿಗೆ ಆದಿಪ್ರಾಸದ ಕಟ್ಟನ್ನು ಬಿಟ್ಟು ಪದ್ಯ ಬರೆದು ಹೊಸ ಕನ್ನಡ ಕವಿತೆಗೆ ದಾರಿ ತೆರೆದರು.

1927ರಲ್ಲಿ ಪತ್ನಿ ತೀರಿಕೊಂಡರು. ಆ ದುಃಖವನ್ನೂ ಅವರು ಕವಿತೆಯಲ್ಲೇ ಹೊತ್ತರು. ಪತ್ನಿಯ ನೆನಪಿನ ಕವನಗಳೇ 'ನಂದಾದೀಪ'. ಮೊದಲ ಸಂಕಲನ 'ಗಿಳಿವಿಂಡು' ಹೊರಬಂದದ್ದು 1930ರಲ್ಲಿ. ಆಗ ಅವರಿಗೆ 47 ವರ್ಷ. ಆಮೇಲೆ ಯೇಸುವಿನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ', ಬುದ್ಧನ ಕೊನೆಯ ದಿನವನ್ನು ಕುರಿತ 'ವೈಶಾಖಿ' ಬಂದವು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪದವಿ ಮುಗಿಸದವರ ಮನೆಗೆ ವಿದ್ವಾಂಸರು ಸಂದೇಹ ಕೇಳಲು ಬರುತ್ತಿದ್ದರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ಅವರನ್ನು ಬಿಡಲಿಲ್ಲ. ಆದರೂ ಮಂಜೇಶ್ವರವನ್ನು ಬಿಟ್ಟು ಹೋಗಲಿಲ್ಲ. 1963ರ ಸೆಪ್ಟೆಂಬರ್ 6ರಂದು ನಿಧನರಾದರು. ಅವರ ಪುಸ್ತಕ ಸಂಗ್ರಹ ಉಡುಪಿಯ ಎಂಜಿಎಂ ಕಾಲೇಜಿಗೆ ಸೇರಿತು. ಅಲ್ಲಿನ ಸಂಶೋಧನಾ ಕೇಂದ್ರಕ್ಕೆ ಅವರದೇ ಹೆಸರು.

ಅವರಿಗೆ ಆಸ್ತಿಯ ಅನುಕೂಲವಿತ್ತು, ನಿಜ. ನಮ್ಮಲ್ಲಿ ಅನೇಕರಿಗೆ ಅದಿಲ್ಲ. ಆದರೆ ತಂದೆಗಾಗಿ ಪರೀಕ್ಷೆ ಬಿಟ್ಟದ್ದನ್ನು ಅವರು ಓದಿನ ಕೊನೆ ಎಂದು ಎಣಿಸಲಿಲ್ಲ, ಪುಸ್ತಕ ತಡವಾಗಿ ಬಂತೆಂದು ಬರೆಯುವುದನ್ನು ನಿಲ್ಲಿಸಲೂ ಇಲ್ಲ. ಮನೆಗಾಗಿ ಓದನ್ನೋ ಕನಸನ್ನೋ ಅರ್ಧಕ್ಕೆ ಬಿಟ್ಟ ಅಕ್ಕತಂಗಿಯರು, ಅಣ್ಣತಮ್ಮಂದಿರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಈ ಬದುಕನ್ನು ಹೇಳಿ. ಮಂಜೇಶ್ವರದ ಕಡೆ ಹೋದಾಗ ಪೈಗಳ ಮನೆ 'ಗಿಳಿವಿಂಡು'ವಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿಬನ್ನಿ.