ಗಿರಣಿಯ ಉಗ್ರಾಣಿಕ ನಾರಾಯಣ ಮೇಘಾಜಿ ಲೋಖಂಡೆಯವರು

ಪುಷ್ಯ ಮಾಘಗಳಲ್ಲಿ ಹುದಿಕೇರಿಯ ದಾರಿಯಲ್ಲಿ ಹೋಗುವವರಿಗೆ ಕಾಣುವ ನೋಟವು ನಮ್ಮ ವಾಚಕರಿಗೆ ಹೊಸದಲ್ಲ. ಕಣದಲ್ಲಿ ಹರಡಿದ ಕಾಫಿಯ ಹಣ್ಣು ಒಣಗಿ, ಅಲುಗಿಸಿದರೆ ಗಲಗಲನೆ ಸದ್ದು ಮಾಡುವ ಹದಕ್ಕೆ ಬಂದೊಡನೆ, ಅದನ್ನು 50 ಕಿಲೋಗ್ರಾಮಿನ ಮೂಟೆಗಳಲ್ಲಿ ತುಂಬಿ, ಬಾಯಿ ಹೊಲಿದು, ಗೋದಾಮಿನಲ್ಲಿ ಅಟ್ಟಿ ಹಾಕುತ್ತಾರೆ. ಬೆಲೆ ಒದಗಿದ ದಿನ ಆ ಅಟ್ಟಿಯನ್ನು ಬಿಚ್ಚಿ ಲಾರಿಗೇರಿಸುತ್ತಾರೆ. 10 ಟನ್ನು ಹೊರುವ ಲಾರಿಗೆ 200 ಮೂಟೆ. ಹೊರುವವರು ನಾಲ್ವರಾದರೆ ತಲಾ 50 ಮೂಟೆ. ಎಂದರೆ ಒಂದೇ ಲಾರಿಗೆ ಒಬ್ಬನ ಕತ್ತು ಬೆನ್ನುಗಳ ಮೇಲೆ ಹಾದುಹೋಗುವ ಭಾರ ಎರಡೂವರೆ ಟನ್ನು. ತಲೆಗೆ ಗೋಣಿಯ ಕೊಪ್ಪೆ, ಕಾಲಡಿಯಲ್ಲಿ ಅಲುಗುವ ಹಲಗೆ, ಮೂಗಿನ ತುಂಬ ಕಾಫಿಸಿಪ್ಪೆಯ ಧೂಳು. ಕೂಲಿಯು ಮೂಟೆಯ ಲೆಕ್ಕಕ್ಕಾದುದರಿಂದ ನಿಧಾನಿಸಿದವನಿಗೆ ನಷ್ಟ; ಮೊಣಕಾಲು ಸೋತು ಮಲಗಿದವನಿಗೆ ಅಂದಿನ ಕೂಲಿಯೇ ಇಲ್ಲ. ಗೋದಾಮಿನ ಪುಸ್ತಕದಲ್ಲಿ ಮೂಟೆಯ ಲೆಕ್ಕ ಕಿಲೋ ತಪ್ಪದೆ ಇರುತ್ತದೆ. ಹೊತ್ತವನ ಲೆಕ್ಕ ಮಾತ್ರ ಕೂಲಿ ಕೊಟ್ಟಲ್ಲಿಗೆ ಮುಗಿಯುತ್ತದೆ.

ಮುಗಿಯದ ಈ ಲೆಕ್ಕವನ್ನು ನಮ್ಮ ದೇಶದಲ್ಲಿ ಮೊದಲು ತೆರೆದವರಲ್ಲಿ ಒಬ್ಬರು ಸ್ವತಃ ಉಗ್ರಾಣದ ಪುಸ್ತಕ ಬರೆಯುತ್ತಿದ್ದವರೆಂಬುದು ಹಲವರಿಗೆ ತಿಳಿಯದು. ಅವರೇ ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆಯವರು. ಭಾನುವಾರದ ಬಿಡುವನ್ನು ಸೂರ್ಯಚಂದ್ರರಂತೆ ಸೃಷ್ಟಿಯಿಂದಲೇ ಬಂದುದೆಂದು ಭಾವಿಸುವ ನಾವು, ಅದನ್ನು ನಮ್ಮ ಕೂಲಿಕಾರರಿಗೆ ದೊರಕಿಸಲು ಹೆಣಗಿದವರ ಚರಿತ್ರೆಯನ್ನು ಒಮ್ಮೆಯಾದರೂ ನೆನೆಯುವುದು ಉಚಿತ.

ಲೋಖಂಡೆಯವರು 1848ರಲ್ಲಿ ಮುಂಬಯಿಯ ಸಮೀಪದ ಠಾಣೆಯಲ್ಲಿ ಜನಿಸಿದರು. ಹೂವಿನ ತೋಟಗಾರಿಕೆಯನ್ನು ಕುಲವೃತ್ತಿಯಾಗಿ ಉಳ್ಳ ಮಾಳಿ ಜಾತಿಯ ಬಡ ಮನೆತನ ಅವರದು. ಶಾಲೆಯ ಓದು ಮುಗಿಸಿ ರೈಲ್ವೆಯಲ್ಲಿಯೂ ಅಂಚೆಯ ಇಲಾಖೆಯಲ್ಲಿಯೂ ಕೆಲಕಾಲ ದುಡಿದ ಬಳಿಕ, ಮುಂಬಯಿಯ ಮಾಂಡವಿಯ ಬಟ್ಟೆಯ ಗಿರಣಿಯೊಂದರಲ್ಲಿ ಉಗ್ರಾಣಿಕರಾಗಿ ಸೇರಿದರು. ಪುಣೆಯ ಜ್ಯೋತಿರಾವ್ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜವು ಅವರನ್ನು ಸೆಳೆಯಿತು. ಶ್ರಮಪಡುವವನನ್ನು ಕೀಳೆಂದೆಣಿಸುವ ಲೋಕದ ರೂಢಿಯನ್ನು ಪ್ರಶ್ನಿಸುವ ಎದೆಗಾರಿಕೆಯನ್ನು ಅವರು ಆ ಸಮಾಜದಿಂದ ಪಡೆದರು.

ಉಗ್ರಾಣಿಕನ ಸ್ಥಾನವು ವಿಲಕ್ಷಣವಾದುದು. ಅವನು ಯಜಮಾನನೂ ಅಲ್ಲ, ಕೂಲಿಯೂ ಅಲ್ಲ. ಬಾಗಿಲಲ್ಲಿ ಕುಳಿತು ಇಬ್ಬರನ್ನೂ ಕಾಣುವವನು. ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಯೊಂದು 392 ಪೌಂಡು, ಈಗಿನ ಲೆಕ್ಕದಲ್ಲಿ ಸುಮಾರು 178 ಕಿಲೋಗ್ರಾಮು ತೂಗುತ್ತಿತ್ತು. ಅದನ್ನು ಉರುಳಿಸಿ ಒಳತರುವವರೂ, ಅದರ ನೂಲನ್ನು ತೆಗೆಯುವವರೂ ಮನುಷ್ಯರೇ. ಆಗಿನ್ನೂ ಗಿರಣಿಗಳಲ್ಲಿ ವಿದ್ಯುದ್ದೀಪವಿಲ್ಲದಿದ್ದುದರಿಂದ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಮೆ. ಬೇಸಗೆಯಲ್ಲಿ ಹಗಲು ಬೆಳೆದಂತೆ ದುಡಿಮೆಯೂ ಬೆಳೆಯುತ್ತಿತ್ತು. ವಾರಕ್ಕೊಂದು ದಿನದ ವಿರಾಮವೆಂಬ ನಿಯಮವಿರಲಿಲ್ಲ. 1881ರಲ್ಲಿ ಸರಕಾರವು ಮಾಡಿದ ಮೊದಲನೆಯ ಕಾರ್ಖಾನೆ ಕಾಯಿದೆಯು 7 ವರ್ಷಕ್ಕೆ ಕೆಳಗಿನ ಮಕ್ಕಳನ್ನು ದುಡಿಸಬಾರದೆಂದೂ, 12 ವರ್ಷದೊಳಗಿನವರಿಂದ ದಿನಕ್ಕೆ 9 ಗಂಟೆಗೆ ಮೀರಿ ಕೆಲಸ ತೆಗೆಯಬಾರದೆಂದೂ ಹೇಳಿ ಸುಮ್ಮನಾಯಿತು. ದೊಡ್ಡವರ ಮಾತನ್ನೇ ಅದು ಎತ್ತಲಿಲ್ಲ. ಕಾಫಿ ಮತ್ತು ಚಹಾ ತೋಟದೊಳಗಣ ಕಾರ್ಖಾನೆಗಳನ್ನಂತೂ ಅದು ತನ್ನ ಎಲ್ಲೆಯಿಂದಲೇ ಹೊರಗಿರಿಸಿತೆಂಬುದನ್ನು ಕೊಡಗಿನ ವಾಚಕರು ವಿಶೇಷವಾಗಿ ಗಮನಿಸಬೇಕು.

ಲೋಖಂಡೆಯವರು 1880ರಲ್ಲಿ ‘ದೀನಬಂಧು’ ಪತ್ರಿಕೆಯನ್ನು ಕೈಗೆತ್ತಿಕೊಂಡರು. 1877ರಲ್ಲಿ ಪುಣೆಯಲ್ಲಿ ಕೃಷ್ಣರಾವ್ ಭಾಲೇಕರರು ಆರಂಭಿಸಿದ್ದ ಆ ಪತ್ರಿಕೆಯು ಹಣದ ಮುಗ್ಗಟ್ಟಿನಲ್ಲಿತ್ತು. ಪತ್ರಿಕೆಯೊಂದನ್ನು ಬದುಕಿಸಿಕೊಂಡು ಹೋಗುವ ಪಾಡು ಏನೆಂಬುದು ಈ ಕಸುಬಿನಲ್ಲಿರುವ ನಮಗೆ ಗೊತ್ತು. ಕೊಂಡು ಓದುವ ಶಕ್ತಿಯಿಲ್ಲದವರ ಪರವಾಗಿ ನಡೆಸುವ ಪತ್ರಿಕೆಯ ಪಾಡನ್ನು ಹೇಳಬೇಕಾದುದೇ ಇಲ್ಲ. ಆದರೂ ಅವರು ತಮ್ಮ ಕೊನೆಯವರೆಗೆ ಅದನ್ನು ಬಿಡಲಿಲ್ಲ.

1884ರಲ್ಲಿ ಅವರು ಮುಂಬಯಿಯ ಗಿರಣಿ ಕೂಲಿಕಾರರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೂಲಿಕಾರರ ಸಭೆಗಳನ್ನು ನೆರೆಯಿಸಿ, 5,500 ಮಂದಿಯ ರುಜುವುಳ್ಳ ಮನವಿಯನ್ನು ಸಿದ್ಧಪಡಿಸಿದರು. ಅದರ ಬೇಡಿಕೆಗಳು ಇಷ್ಟೇ: ಭಾನುವಾರ ಪೂರ್ಣ ವಿರಾಮ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಬೆಳಿಗ್ಗೆ ಆರೂವರೆಗೆ ಮೊದಲಾಗಿ ಸೂರ್ಯಾಸ್ತಕ್ಕೆ ಮುಗಿಯುವ ಕೆಲಸ, ತಿಂಗಳ 15ನೆಯ ತಾರೀಖಿನೊಳಗೆ ಹಿಂದಿನ ತಿಂಗಳ ಸಂಬಳ, ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೋಷಣೆ. ಇವುಗಳಲ್ಲಿ ಅತಿಯಾಸೆಯದು ಯಾವುದು? ಸಂಘಕ್ಕೆ ಸದಸ್ಯರ ಪಟ್ಟಿಯಾಗಲಿ, ನಿಧಿಯಾಗಲಿ, ನಿಬಂಧನೆಗಳಾಗಲಿ ಇರಲಿಲ್ಲವೆಂದು ಹೇಳಿ, ಅದನ್ನು ಕಾರ್ಮಿಕ ಸಂಘವೆಂದು ಕರೆಯಲು ಅನುಮಾನಿಸುವ ಚರಿತ್ರಕಾರರಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ಪಟ್ಟಿಯಿಲ್ಲದ ಆ ಸಂಘವು ಸಾವಿರಾರು ಜನರಿಗೆ ಬಾಯಿ ಕೊಟ್ಟಿತೆಂಬುದೂ ಸುಳ್ಳಲ್ಲ.

ಇಲ್ಲಿ ನಮ್ಮವರ ತಪ್ಪೊಂದನ್ನು ನಾವು ಮುಚ್ಚಿಡಲಾರೆವು. ಅಂದಿನ ರಾಷ್ಟ್ರೀಯ ಪತ್ರಿಕೆಗಳು ಬಹುಮಟ್ಟಿಗೆ ಕಾರ್ಖಾನೆ ಕಾಯಿದೆಗಳನ್ನು ವಿರೋಧಿಸಿದವು. ಲ್ಯಾಂಕಶೈರಿನ ಬಟ್ಟೆಯ ಧಣಿಗಳು ಮುಂಬಯಿಯ ಗಿರಣಿಗಳ ಏಳಿಗೆಯನ್ನು ಸಹಿಸಲಾರದೆ, ದಯೆಯ ಹೆಸರಿನಲ್ಲಿ ಈ ಕಾಯಿದೆಗಳನ್ನು ತರಿಸುತ್ತಿದ್ದಾರೆಂಬುದು ಅವುಗಳ ವಾದ. ಲ್ಯಾಂಕಶೈರಿನವರ ಸ್ವಾರ್ಥವು ನಿಜವೇ. ಅದನ್ನು ಯಾರೂ ಅಲ್ಲಗಳೆಯರು. ಆದರೆ ಪರರ ಸ್ವಾರ್ಥವನ್ನು ಬಯಲಿಗೆಳೆಯುವ ಆತುರದಲ್ಲಿ ನಮ್ಮವರು ನಮ್ಮ ಕೂಲಿಕಾರನ ಬೆನ್ನನ್ನು ಕಾಣದೆ ಹೋದರು. ದೇಶದ ಕೈಗಾರಿಕೆ ಬೆಳೆಯಬೇಕು, ಆದರೆ ಅದರ ಬೆಲೆಯನ್ನೆಲ್ಲ ದೇಶದ ಅತ್ಯಂತ ಬಡವನೇ ತೆರಬೇಕೆಂಬುದು ಯಾವ ದೇಶಭಕ್ತಿ? ಲೋಖಂಡೆಯವರು ಕೇಳಿದ ಪ್ರಶ್ನೆಯ ಸಾರವು ಇದೇ. ಅದಕ್ಕೆ ಅಂದು ನಮ್ಮ ಕಡೆಯಿಂದ ಸರಿಯಾದ ಉತ್ತರ ಬರಲಿಲ್ಲ.

ಮನವಿಗಳು ಮೂಲೆ ಸೇರಿದರೂ ಅವರು ಧೃತಿಗೆಡಲಿಲ್ಲ. 1890ನೆಯ ಇಸವಿ ಏಪ್ರಿಲ್ 24ರಂದು ಮುಂಬಯಿಯ ಮಹಾಲಕ್ಷ್ಮಿಯ ಬಯಲಿನಲ್ಲಿ ಸುಮಾರು 10,000 ಕೂಲಿಕಾರರು ನೆರೆದರು. ಆ ಸಭೆಯಲ್ಲಿ ಇಬ್ಬರು ಸ್ತ್ರೀಯರೂ ಎದ್ದು ಮಾತನಾಡಿದರೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಜೂನ್ 10ರಂದು ಗಿರಣಿಯ ಒಡೆಯರ ಸಂಘವು ಭಾನುವಾರದ ವಿರಾಮಕ್ಕೆ ಒಪ್ಪಿತು. ಅದೇ ವರ್ಷ ಸರಕಾರವು ನೇಮಿಸಿದ ಕಾರ್ಖಾನೆ ಆಯೋಗದಲ್ಲಿ ಲೋಖಂಡೆಯವರೂ ಭಾಗಿಗಳಾದರು. 1891ರ ಕಾಯಿದೆಯು ವಾರದ ವಿರಾಮವನ್ನೂ ಮಧ್ಯಾಹ್ನದ ಬಿಡುವನ್ನೂ ಶಾಸನದಲ್ಲಿ ಸೇರಿಸಿತು. ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೂ, ಮಕ್ಕಳದನ್ನು 7 ಗಂಟೆಗೂ ಮಿತಿಗೊಳಿಸಿತು. ಗಂಡಸರ ದುಡಿಮೆಗೆ ಮಿತಿ ಬರಲು 1911ರ ಕಾಯಿದೆಯವರೆಗೆ ಕಾಯಬೇಕಾಯಿತು.

1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ದೊಂಬಿಯೆದ್ದಾಗ ಅವರು ಕೂಲಿಕಾರರನ್ನು ರಾಣಿಬಾಗಿನಲ್ಲಿ ಸೇರಿಸಿ ಸೌಹಾರ್ದದ ಮಾತನ್ನಾಡಿಸಿದರು. 1895ರಲ್ಲಿ ಸರಕಾರವು ಅವರಿಗೆ ರಾವ್ ಬಹದ್ದೂರ್ ಬಿರುದನ್ನಿತ್ತಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಉಳ್ಳವರು ಊರು ಬಿಟ್ಟರು. ಲೋಖಂಡೆಯವರು ಬಿಡದೆ ರೋಗಿಗಳ ಸೇವೆಯಲ್ಲಿ ನಿಂತರು. ಅದೇ ರೋಗವು ತಗಲಿ 1897ನೆಯ ಫೆಬ್ರವರಿ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. 2005ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯೊಂದನ್ನು ಹೊರಡಿಸಿತು.

ಅವರು ಆರಂಭಿಸಿದ ಕೆಲಸವು ಬಹು ನಿಧಾನವಾಗಿ ನಮ್ಮ ಕಡೆಗೂ ಬಂದಿತು. ಕಾಫಿಯ ತೋಟಕ್ಕೆ ವಾರದ ವಿರಾಮವನ್ನು ವಿಧಿಸಿದ್ದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ. 1891ರಿಂದ ಅಲ್ಲಿಗೆ 60 ವರ್ಷ. ಮೂಟೆ ಹೊರುವ ಹಮಾಲರಿಗಾಗಿ ಮಹಾರಾಷ್ಟ್ರವು 1969ರಲ್ಲಿ, ನಮ್ಮ ನೆರೆಯ ಕೇರಳವು 1978ರಲ್ಲಿ ಪ್ರತ್ಯೇಕ ಕಾಯಿದೆಗಳನ್ನು ಮಾಡಿದವು. ಒಬ್ಬ ಗಂಡಸಿನ ಮೇಲೆ 55 ಕಿಲೋಗ್ರಾಮಿಗೆ ಮೀರಿದ ಭಾರವನ್ನು ಹೊರಿಸುವ ರೂಢಿಯನ್ನು ಬೇಗನೆ ಬಿಡಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ನಮ್ಮ ಕಾಫಿಯ ಮೂಟೆಯು ಆ ಮಿತಿಯೊಳಗಿದೆಯೆಂದು ಯಾರೂ ನೆಮ್ಮದಿಪಡಬೇಕಾಗಿಲ್ಲ. ಮಿತಿಯು ಒಂದು ಮೂಟೆಗೆ. ಬೆನ್ನು ಕಾಣುವುದು ಐವತ್ತು ಮೂಟೆಗಳನ್ನು.

ಇಂದು ನೆಲಮಂಗಲ, ಹೊಸಕೋಟೆಗಳ ಹೆದ್ದಾರಿಗಳ ಬದಿಯಲ್ಲಿ ಎದ್ದಿರುವ ವಿಶಾಲವಾದ ಗೋದಾಮುಗಳಿಗೆ ಹಳ್ಳಿಗಳ ತರುಣ ತರುಣಿಯರು ಕೆಲಸಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಹೊರೆ ಹಗುರವಿರಬಹುದು; ನಿಲ್ಲುವ ಹೊತ್ತು ದೀರ್ಘ, ಎಣಿಕೆಯು ಯಂತ್ರದ ಕೈಯಲ್ಲಿ. ಸರಕನ್ನು ಎಣಿಸುವ ವಿದ್ಯೆಯಲ್ಲಿ ನಾವು ಬಹಳ ಮುಂದುವರಿದಿದ್ದೇವೆ. ಮನುಷ್ಯನ ದಣಿವನ್ನು ಎಣಿಸುವುದರಲ್ಲಿ ಅಷ್ಟು ಮುಂದುವರಿದಂತೆ ತೋರುವುದಿಲ್ಲ.

ಆದುದರಿಂದ ಹುದಿಕೇರಿಯ ತೋಟದ ಒಡೆಯರಲ್ಲಿಯೂ ವ್ಯಾಪಾರಸ್ಥರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಈ ಸುಗ್ಗಿಯಲ್ಲಿ ಗೋದಾಮಿನ ಬಾಗಿಲು ತೆರೆಯುವಾಗ 1884ರ ಆ ಮನವಿಯನ್ನು ನೆನೆಯಿರಿ. ಇನ್ನೊಬ್ಬ ಆಳನ್ನು ಸೇರಿಸಿ ಹೊರೆಯನ್ನು ಹಂಚಿರಿ, ನಡುವೆ ಕುಳಿತುಕೊಳ್ಳಲು ಅರ್ಧ ಗಂಟೆಯನ್ನೂ ಕುಡಿಯಲು ನೀರನ್ನೂ ಕೊಡಿರಿ, ಹಲಗೆಯನ್ನು ಭದ್ರಪಡಿಸಿರಿ, ಬಿದ್ದವನನ್ನು ವೈದ್ಯರಲ್ಲಿಗೆ ಕಳುಹಿಸಿ, ಏಳುವವರೆಗೆ ಅವನ ಮನೆಯ ಒಲೆ ಉರಿಯುವಂತೆ ನೋಡಿರಿ. ಇದಕ್ಕೆ ಯಾವ ಕಾಯಿದೆಯ ಬರವನ್ನೂ ಕಾಯಬೇಕಾಗಿಲ್ಲ. ಗಿರಣಿಯ ಉಗ್ರಾಣದ ಬಾಗಿಲಲ್ಲಿ ಕುಳಿತಿದ್ದ ಲೋಖಂಡೆಯವರೂ ಕಾಯದೆ ಎದ್ದವರೇ.